ಮುಖವಿಲ್ಲದ ಕಲ್ಲು

ಫೋಟೊ ತೋರಿಸುತ್ತೇನೆ, ಕೈಗೆ ಕೊಡುವುದಿಲ್ಲ ಎಂದು ಕರಾರು ಮಾಡಿಸಿಕೊಂಡ ಮೇಲೆಯೇ ಡೀಲಿಯಾ ಬೀರುವಿನ ಬೀಗ ತೆಗೆದಳು. ಅಡುಗೆಮನೆಯ ಮೇಜಿನ ಮೇಲೆ ತಮ್ಮನ ಮಗಳು ಲೊರೇನ್ ಎರಡು ಷೂ ಡಬ್ಬಿಗಳನ್ನು ಬಿಚ್ಚಿಟ್ಟು ಕಾಯುತ್ತಿದ್ದಳು. ಒಂದರಲ್ಲಿ ಇಟಲಿಯಿಂದ ಹಡಗು ಹತ್ತಿ ಅಮೆರಿಕದ ಪ್ರಾವಿಡೆನ್ಸಿಗೆ ಬಂದವರ ಫೋಟೊಗಳು, ಇನ್ನೊಂದರಲ್ಲಿ ಐರ್ಲೆಂಡಿನಿಂದ ಬಂದವರವು. ಎರಡು ಕಡೆಯವರೂ ಒಟ್ಟಿಗೆ ನಿಂತ ಫೋಟೊ ಇದ್ದದ್ದು ಒಂದೇ. ಅದು ಡೀಲಿಯಾಳ ಬೀರುವಿನಲ್ಲಿತ್ತು.

ಮನೆಯ ಮುಂದಿನ ಮೆಟ್ಟಿಲ ಮೇಲೆ ತೆಗೆದ ಫೋಟೊ. ಎಡಕ್ಕೆ ಕಪ್ಪು ಉಡುಪಿನ ಅಜ್ಜಿ ಫಿಲೊಮೆನಾ. ಬಲಕ್ಕೆ ಅವಳ ಮಗ ಗಯೆಟಾನೊ, ಎಂದರೆ ಡೀಲಿಯಾಳ ಅಪ್ಪ, ಎರಡೂ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ಅವರ ನಡುವೆ ಬಿಳಿ ಲಂಗವೊಂದು ಕಾಣುತ್ತಿತ್ತು; ಲಂಗದ ಮೇಲೆ, ಹೆಗಲು ಮುಖ ಇರಬೇಕಾದಲ್ಲಿ, ಮೊಟ್ಟೆಯಾಕಾರದ ತೂತು. ಅಜ್ಜಿಯ ಚಾಚಿದ ತೋಳು ಆ ತೂತಿನ ಅಂಚಿಗೆ ಬಂದು ಮಣಿಕಟ್ಟಿನಲ್ಲಿ ತುಂಡಾಗಿತ್ತು.

"ನೋಡು, ನನ್ನಮ್ಮನ್ನ ಫೋಟೊದಲ್ಲೂ ನೂಕ್ತಾ ಇದಾಳೆ," ಎಂದಳು ಡೀಲಿಯಾ.

ಅಮ್ಮ ನೋರಾ ಐರಿಷ್ ಹುಡುಗಿ. ತಮ್ಮ ಲೂಯಿಯನ್ನು ಹೆತ್ತ ವಾರದಲ್ಲೇ ತೀರಿಕೊಂಡಳು. ಕೂಸು ಅಜ್ಜಿಯ ಬಳಿ ಉಳಿಯಿತು. ಇನ್ನೂ ಸರಿಯಾಗಿ ಮಾತು ಬಾರದ ಡೀಲಿಯಾಳನ್ನು ಅಮ್ಮನ ಅಕ್ಕ ಬ್ರೈಡಿ ಎತ್ತಿಕೊಂಡು ಹೋದಳು. ಸೊಸೆಯ ಐರಿಷ್ ಮುಖ ಮನೆಯಲ್ಲಿರಬಾರದೆಂದು ಮುದುಕಿ ಬಟ್ಟೆ ಹೊಲಿಯುವ ಕತ್ತರಿಯಿಂದಲೇ ಅದನ್ನು ಕತ್ತರಿಸಿ ಒಲೆಗೆ ಹಾಕಿದಳು ಎಂದು ಬ್ರೈಡಿ ದೊಡ್ಡಮ್ಮ ಹೇಳುತ್ತಿದ್ದಳು. ಡೀಲಿಯಾಳ ಮದುವೆಗೆ ಅಪ್ಪ ಅದೇ ಫೋಟೊವನ್ನು ಉಡುಗೊರೆಯಾಗಿ ತಂದುಕೊಟ್ಟಾಗ ತೂತು ಕಣ್ಣಿಗೇ ಕಂಡಿತು. ಇನ್ನು ಯಾರನ್ನು ಏನು ಕೇಳುವುದಿತ್ತು?

ನಾಲ್ಕು ವರ್ಷದ ಮೇಲೆ ಮುದುಕಿ ಸತ್ತಳು. ಇಟಲಿಯವರು ಗೋರಿಯ ಕಲ್ಲಿನಲ್ಲಿ ಸತ್ತವರ ಚಿತ್ರವನ್ನು ಪಿಂಗಾಣಿಯ ಮೇಲೆ ಅಚ್ಚು ಹಾಕಿಸಿ ಕೂರಿಸುತ್ತಾರೆ. ಫಿಲೊಮೆನಾ ಕ್ಯಾಮೆರಾದ ಎದುರು ನಿಂತದ್ದು ಜನ್ಮದಲ್ಲಿ ಒಂದೇ ಸಲ. ಲೂಯಿ ಬಂದು ಫೋಟೊ ಕೇಳಿದಾಗ, ನನ್ನಮ್ಮನ ಮುಖ ಸುಟ್ಟವಳು ಮುಖವಿಲ್ಲದೇ ಮಲಗಲಿ ಎಂದು ಡೀಲಿಯಾ ಬಾಗಿಲು ಹಾಕಿಕೊಂಡಳು. ಕಲ್ಲಿನಲ್ಲಿ ಚಿತ್ರಕ್ಕೆಂದು ಕೊರೆದ ಗುಳಿ ನಲವತ್ತು ವರ್ಷದಿಂದ ಖಾಲಿ. ಅಕ್ಕ ತಮ್ಮಂದಿರ ನಡುವೆ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಬೇರೆ ಮಾತಿಲ್ಲ.

"ಅಪ್ಪ ಆಸ್ಪತ್ರೆಯಿಂದ ಮೊನ್ನೆ ಬಂದಿದಾರೆ ಅತ್ತೆ," ಎಂದಳು ಲೊರೇನ್. "ಕಣ್ಣು ಮುಚ್ಚೋದ್ರೊಳಗೆ ಆ ಗುಳೀಲಿ ಅಜ್ಜಿ ಮುಖ ನೋಡ್ಬೇಕಂತೆ. ಅವಳ ಕೈತುತ್ತು ತಿಂದು ಬೆಳೆದೋರು."

"ಅವನಿಗೆ ತುತ್ತು. ನನಗೆ ಬಾಗಿಲು."

ಲೊರೇನ್ ಕಲ್ಲು ಕೆತ್ತುವವನನ್ನು ವಿಚಾರಿಸಿಕೊಂಡೇ ಬಂದಿದ್ದಳು. "ಫೋಟೊ ಹಾಳಾಗಲ್ಲ. ಈಗ ಅದರದೇ ಒಂದು ನಕಲು ತೆಗೆದು ಪಿಂಗಾಣಿಗೆ ಹಾಕ್ತಾರಂತೆ. ಆಗಿನ ಕಾಲದಲ್ಲಾದ್ರೆ ಮುಖಾನೇ ಕತ್ತರಿಸಿ ಇಟಲಿಗೆ ಕಳಿಸಬೇಕಿತ್ತಂತೆ. ಹೋದ ಚೂರು ವಾಪಸ್ ಬರ್ತಿರಲಿಲ್ಲವಂತೆ."

ಡೀಲಿಯಾ ಕಾಫಿ ಲೋಟವನ್ನು ಕೆಳಗಿಟ್ಟಳು. "ಯಾವ ಆಕಾರಕ್ಕೆ ಕತ್ತರಿಸ್ತಿದ್ರು?"

"ಮೊಟ್ಟೆ ಆಕಾರಕ್ಕೆ," ಎಂದವಳೇ ಲೊರೇನ್ ಕೂಡ ಫೋಟೊದ ತೂತಿನ ಕಡೆ ನೋಡಿದಳು.

ಬ್ರೈಡಿಯ ಕಡೆಯವರು ಗೋರಿಯ ಮೇಲೆ ಶಿಲುಬೆ, ಹೆಸರು ಬಿಟ್ಟರೆ ಬೇರೇನೂ ಹಾಕಿಸುವವರಲ್ಲ. ಅಮ್ಮನ ಗೋರಿಯಲ್ಲಿದ್ದ ಪಿಂಗಾಣಿ ಚಿತ್ರ ಎಲ್ಲಿಂದ ಬಂತೆಂದು ಅವರ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಪ್ರತಿ ವರ್ಷ ಹೋಗಿ ಆ ಚಿತ್ರಕ್ಕೆ ಮುತ್ತಿಟ್ಟು ಬರುತ್ತಿದ್ದ ಡೀಲಿಯಾಳೂ ಕೇಳಿರಲಿಲ್ಲ. ಅವಳ ಪಾಲಿಗೆ ಕಲ್ಲಿನಲ್ಲಿರುವ ಮುಖ ಬೇರೆ ಯಾವುದೋ ಫೋಟೊದ್ದು, ಒಲೆಗೆ ಬಿದ್ದ ಮುಖ ಇದರದ್ದು.

ಹೊಸ ಚಿತ್ರದ ಅಳತೆಗೆಂದು ತೆಗೆದಿದ್ದ ನೋರಾಳ ಗೋರಿಯ ಫೋಟೊವನ್ನು ಲೊರೇನ್ ಚೀಲದಿಂದ ತೆಗೆದು ತೂತಿನ ಪಕ್ಕ ಇಟ್ಟಳು. ಪಿಂಗಾಣಿಯಲ್ಲಿ ಅಮ್ಮ ನಗುತ್ತಿದ್ದಳು. ಅವಳ ಹೆಗಲ ಮೇಲೆ ನಾಲ್ಕು ಬೆರಳು, ಬೆರಳ ಹಿಂದೆ ಕಪ್ಪು ತೋಳಿನ ಒಂದಿಷ್ಟು ಅಂಚು.

"ಅದು ಅಪ್ಪನ ಕೈ," ಎಂದಳು ಡೀಲಿಯಾ. "ಚಿಕ್ಕಂದಿನಿಂದ ನೋಡಿದೀನಿ. ಅಪ್ಪನ ಕೈ ಅದು."

"ತಾತನ ಎರಡು ಕೈಯೂ ಟೋಪಿ ಮೇಲಿದೆ ಅತ್ತೆ."

ಡೀಲಿಯಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಟೋಪಿಯ ಅಂಚಿನಲ್ಲಿ ಅಪ್ಪನ ಬೆರಳುಗಳು ಸ್ಪಷ್ಟವಾಗಿದ್ದವು. ಬ್ರೈಡಿ ದೊಡ್ಡಮ್ಮ ಪೂರಾ ಸುಳ್ಳು ಹೇಳಿರಲಿಲ್ಲ. ಕತ್ತರಿ ನಿಜ, ಮುದುಕಿ ಕತ್ತರಿಸಿದ್ದೂ ನಿಜ. ಒಲೆಯೊಂದನ್ನು ಮಾತ್ರ ದುಃಖದಲ್ಲಿ ಸೇರಿಸಿದ್ದಳು.

ಡೀಲಿಯಾ ಫೋಟೊವನ್ನು ಲೊರೇನ್ ಕಡೆಗೆ ಸರಿಸಿದಳು. "ತಗೊಂಡು ಹೋಗು. ಆ ಕೆತ್ತೋನಿಗೆ ಹೇಳು, ಮುಖ ಒಂದೇ ಅಂದವಾಗಿ ಕೂರಿಸಿ ತೋಳು ಬಿಡೋದು ಬೇಡ. ತೋಳು ಎಲ್ಲಿವರೆಗೆ ಬಂದಿದೆಯೋ ಅಲ್ಲಿವರೆಗೂ ಬರಲಿ." ಆಮೇಲೆ, ಲೂಯಿ ಮೆಟ್ಟಿಲು ಹತ್ತಬಹುದೇ, ಡಾಕ್ಟರು ಏನೆಂದಿದ್ದಾರೆ ಎಂದು ಕೇಳಿದಳು.

ಏಪ್ರಿಲ್‌ನಲ್ಲಿ ಅಕ್ಕ ತಮ್ಮ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಗೋರಿಗಳ ಮುಂದೆ ನಿಂತರು. ಅತ್ತೆ ಸೊಸೆಯರ ಕಲ್ಲುಗಳು ಅಕ್ಕಪಕ್ಕದಲ್ಲಿವೆ. ಎಡಗಡೆಯ ಚಿತ್ರದಲ್ಲಿ ಕಪ್ಪು ತೋಳೊಂದು ಚಾಚಿಕೊಂಡು ಹೋಗಿ ಅಂಚಿನಲ್ಲಿ ನಿಲ್ಲುತ್ತದೆ. ಆಮೇಲೆ ಒಂದು ಮೊಳದಷ್ಟು ಹುಲ್ಲು. ಅದರಾಚೆಯ ಕಲ್ಲಿನಲ್ಲಿ, ನೋರಾಳ ಹೆಗಲ ಮೇಲೆ, ಅದೇ ಕೈಯ ಬೆರಳುಗಳಿವೆ.