ಗೂಢಚಾರನ ಪಾತ್ರ

ಸಿನಿಮಾದ ಹೆಸರಾಂತ ಗೂಢಚಾರನ ಪಾತ್ರಕ್ಕೆ ಹೊಸಬರನ್ನು ಹುಡುಕುತ್ತಿದ್ದರು. ನಾಟಕ ಕಂಪನಿಯಲ್ಲಿ ಗಂಡು ವೇಷ ಹಾಕಿಯೇ ಊರೂರು ನಗಿಸಿದ್ದ ನೀಲವ್ವ, ಮಧ್ಯಾಹ್ನ ನಿರ್ದೇಶಕನೆದುರು ಸೆರಗು ಬಿಗಿದು ನಿಂತಳು.

"ಇದು ಗಂಡಸಿನ ಪಾತ್ರ ಕಣಮ್ಮಾ. ಏನೇ ವೇಷ ಹಾಕಿದ್ರೂ ಹೆಂಗಸು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ," ಎಂದ ಅವನು.

"ಯಾರಿಗೆ ಗೊತ್ತಾಗತೈತ್ರಿ?"

"ನನಗೇ ಗೊತ್ತಾಗುತ್ತೆ. ಹೋಗಿ ಬನ್ನಿ. ಬೆಳಿಗ್ಗೆ ಬಂದಿದ್ದ ದಪ್ಪ ಮೀಸೆಯವರನ್ನ ಆಗ್ಲೇ ಆರಿಸಿಬಿಟ್ಟಿದೀವಿ. ಏನು ಗತ್ತು, ಏನು ನಡಿಗೆ ಅವರದು."

ನೀಲವ್ವ ಕದಲಲಿಲ್ಲ. ಸೊಂಟದಲ್ಲಿದ್ದ ಎಲೆ ಅಡಿಕೆ ಸಂಚಿ ಬಿಚ್ಚಿ, ದಪ್ಪ ಮೀಸೆಯೊಂದನ್ನು ತೆಗೆದು ಅವನ ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಹತ್ರಾನ ಇರಲಿ. ಶೂಟಿಂಗ್ ಯಾವಾಗ, ಅದನ್ನಷ್ಟ ಹೇಳ್ರಿ."