ಬೀಸುಕಲ್ಲಿನ ಮದ್ದು

ಜೇವರ್ಗಿಯ ದವಾಖಾನೆಯ ಪಡಸಾಲೆಯಲ್ಲಿ ಬೀಸುಕಲ್ಲು ಇಳಿಸಿ ಕಂಪೌಂಡರ್ ರಾಜೇಸಾಬ ಸೊಂಟ ಹಿಡಿದುಕೊಂಡ. "ಗುಳಿಗಿ ಮುಗದು ಇನ್ನ ಹಿಟ್ಟು ಬೀಸಿ ಕೊಡೋದೇನ್ರಿ ಸಾಹೇಬ್ರ?"

ಡಾಕ್ಟರ್ ಗುರುರಾಜ ನಗಲಿಲ್ಲ. "ನಿನ್ನ ಸೊಸಿ ಗಂಟಲಾಗ ಏನೂ ದೋಷ ಇಲ್ಲ ಸಾಬವ್ವ. ಮನಸಿನ್ಯಾಗ ಏನೋ ಸಿಕ್ಕೊಂಡದ, ಅದು ಬಾಯಿ ಕಟ್ಟೇದ. ಮಾತು ನಿಂತವರಿಗೂ ಬೀಸೂ ಮುಂದ ಒಮ್ಮೊಮ್ಮೆ ಹಾಡು ಬರ್ತದ. ಅಕಿ ಜೋಡಿ ಕೂತು ಬೀಸು."

"ಬ್ಯಾಡ್ರಿ, ಮಂದಿ ನಗ್ತಾರ."

"ನಕ್ಕರ ನಗಲಿ. ಕೂಡು."

ಸಾಬವ್ವನಿಗೆ ನಗುವ ಮಂದಿಯ ಚಿಂತೆಯಿರಲಿಲ್ಲ. ಕೂಸು ಸತ್ತು ಎರಡು ತಿಂಗಳು. ಅಂದಿನಿಂದ ಸೊಸೆ ಮಲ್ಕಮ್ಮನ ಬಾಯಿಂದ ಮಾತಿರಲಿ, ಅಳು ಕೂಡ ಹೊರಟಿರಲಿಲ್ಲ. ಗಾಣಗಾಪುರದ ದೇವರಿಗೂ ಕರೆದೊಯ್ದಾಗಿತ್ತು. ಈ ಹುಣ್ಣಿಮೆಯೊಳಗೆ ಮಾತಾಡದಿದ್ದರೆ ಅವಳನ್ನು ಚೌಡಾಪುರದ ತವರಿಗೆ ಬಿಟ್ಟು ಬೇರೆಯವಳನ್ನು ತರುವೆನೆಂದು ಮಗ ಭಗವಂತ ಹೇಳಿಬಿಟ್ಟಿದ್ದ. ಆದರೆ ಮಾತಾಡಿದರೆ? ಅಂದು ಸೊಸೆ ಸುಗ್ಗಿಯ ಕೂಲಿಗೆ ಹೊರಟ ಬೆನ್ನಿಗೇ ಕೂಸು ರಚ್ಚೆ ಹಿಡಿದಿತ್ತು. ಮಲಗಲಿ ಎಂದು ಹಾಲಿನಲ್ಲಿ ಅಫೀಮು ತೇದು ಕುಡಿಸಿದವಳು ಸಾಬವ್ವ. ಕೇರಿಯಲ್ಲಿ ಎಲ್ಲರೂ ಮಾಡುವುದೇ. ಕೂಸು ಮಲಗಿತು, ಏಳಲಿಲ್ಲ. ಸೊಸೆ ದಾರಿಯಿಂದ ತಿರುಗಿ ಅದನ್ನು ಕಂಡಿರಬೇಕು, ಕಂಡೇ ಅವಳ ಬಾಯಿ ಕಟ್ಟಿರಬೇಕು.

ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದರು. ಮೆಟ್ಟಿಲ ಮೇಲೆ ಭಗವಂತ ಬೀಡಿ ಸೇದುತ್ತ ಕೂತಿದ್ದ. ಒಂದು ಸೇರು ಜೋಳ ಮುಗಿಯಿತು, ಎರಡನೆಯದು ಅರ್ಧವಾಯಿತು. ಸದ್ಯ, ಏನೂ ಇಲ್ಲ ಎಂದು ಸಾಬವ್ವ ಉಸಿರು ಬಿಡುವಾಗ ಮಲ್ಕಮ್ಮನ ತುಟಿ ಅಲುಗಿತು. ಕಲ್ಲಿನ ಗರಗರದ ಒಳಗಿಂದಲೇ ಎಂಬಂತೆ ದನಿ ಎದ್ದಿತು:

ಹೊಲಕ ಹೋಗೂ ಮುಂದ ಹಾಲಾಗ ಅಫೀಮ
ನನ ಕೈಲೆ ತೇದು ಕುಡಿಸೇನಿ, ನನ ಕಂದ
ಏಳಂದ್ರ ಯಾಕ ಏಳವಲ್ಲಿ

"ಯಾ ಅಲ್ಲಾ," ಎಂದ ರಾಜೇಸಾಬ.

ಸಾಬವ್ವ ಬೀಸುವುದನ್ನು ನಿಲ್ಲಿಸಿದಳು. ನನ ಕೈಲೆ? ಹಾಡಿನಲ್ಲಿ ಅತ್ತೆಯ ಹೆಸರಿರಲಿಲ್ಲ. ಇನ್ನು ಸಾಯುವತನಕ ಯಾರೂ ಅವಳನ್ನು ಕೇಳುವಂತಿರಲಿಲ್ಲ.

ಭಗವಂತ ಬೀಡಿ ಬಿಸಾಕಿ ಎರಡೇ ಹೆಜ್ಜೆಗೆ ಮೇಲೆ ಬಂದಿದ್ದ. "ನೀನ? ಹಡದಾಕಿ ನೀನ ಕೂಸಿನ್ನ ಕೊಂದೀಯೇನ ಬೇ?" ಎತ್ತಿದ ಅವನ ಕೈಯನ್ನು ಡಾಕ್ಟರು ಹಿಡಿದುಕೊಂಡರು. ಮಲ್ಕಮ್ಮ ತಪ್ಪಿಸಿಕೊಳ್ಳಲಿಲ್ಲ, ಏಟಿಗಾಗಿ ಕಾದಿದ್ದವಳ ಹಾಗೆ ತಲೆ ಬಗ್ಗಿಸಿ ಕೂತಿದ್ದಳು.

"ಲೇ, ಕೈ ಇಳಸು!" ಸಾಬವ್ವ ಕಿರುಚಿದಳು. "ನಾ ಕುಡಿಸೇನಿ. ಅಕಿ ಹ್ವಾದ ಮ್ಯಾಲ ಕೂಸು ಅಳಾಕತ್ತು. ಅಕಿ ಮೊದಲ ಕುಡಿಸ್ಯಾಳಂತ ನನಗೇನು ಗೊತ್ತೋ! ನಾನೂ ಕುಡಿಸಿದೆ."

ಮಲ್ಕಮ್ಮ ಮೆಲ್ಲಗೆ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಎರಡು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, ತುಕ್ಕು ಹಿಡಿದ ಹಾಗಿತ್ತು.

"ಎಷ್ಟ ಹಾಕಿದ್ರಿ ಅತ್ತಿ?"

ಸಾಬವ್ವ ಕಿರುಬೆರಳಿನ ಉಗುರಿನ ತುದಿಯನ್ನು ತೋರಿಸಿದಳು. "ಸಾಸಿವಿ ಕಾಳಷ್ಟ ಬೇ. ಅಷ್ಟಕ್ಕ ಏನೂ ಆಗಂಗಿಲ್ಲ."

"ಹೌದ್ರಿ," ಎಂದಳು ಮಲ್ಕಮ್ಮ. "ನಾನೂ ಅಷ್ಟ ಹಾಕಿದ್ದೆ."