ಎಡಗಡೆಯ ದೀಪ

ಚಿಕ್ಕಬೀರಪ್ಪ ಟವೆಲ್ಲಿನ ಗಂಟು ಬಿಚ್ಚಿ, ಒಂದು ಬಲ್ಬನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು, “ಇಂಥದ್ದೇ ಒಂದು ಜೊತೆ ಕೊಡಪ್ಪ. ಇದೇ ಕಂಪನೀದಾಗ್ಬೇಕು” ಎಂದ.

ಅದು ಅವನ ಮಗ ಉಮಾಶಂಕರನ ಕಾರಿನ ಎಡಗಡೆಯ ಹೆಡ್‌ಲೈಟಿನ ಬಲ್ಬು. ಹೋದ ಪುಷ್ಯ ಮಾಸದಲ್ಲಿ, ಬೆಳಕು ಹರಿಯುವ ಮುಂಚೆ ಏರ್‌ಪೋರ್ಟ್ ಬಾಡಿಗೆಗೆ ಹೊರಟ ಉಮಾಶಂಕರ, ಸೂಲಿಬೆಲೆ ರಸ್ತೆಯ ಮಂಜಿನಲ್ಲಿ ಕೆಟ್ಟು ನಿಂತಿದ್ದ ಜಲ್ಲಿ ಲಾರಿಗೆ ಹಿಂದಿನಿಂದ ಗುದ್ದಿ ಅಲ್ಲೇ ತೀರಿಕೊಂಡಿದ್ದ. ಕಾರಿನ ಬಲಗಡೆ ಪೂರ್ತಿ ನುಜ್ಜಾಗಿತ್ತು. ಎಡಗಡೆಯ ದೀಪಕ್ಕೆ ಒಂದು ಗೀರೂ ಆಗಿರಲಿಲ್ಲ. ಠಾಣೆಯ ಅಂಗಳದಲ್ಲಿ ಕಾರು ನೋಡಲು ಹೋದ ದಿನ ಚಿಕ್ಕಬೀರಪ್ಪ ಅದನ್ನು ಬಿಚ್ಚಿಸಿಕೊಂಡು ಬಂದಿದ್ದ. ಈಗ ಕಾರು ರಿಪೇರಿಯಾಗಿ ಬಂದು ಅಂಗಡಿಯ ಮುಂದೆ ನಿಂತಿದೆ. ಸೋಮವಾರದಿಂದ ಅದನ್ನು ಏರ್‌ಪೋರ್ಟಿಗೆ ಓಡಿಸುವವಳು ಸೊಸೆ ಶಶಿರೇಖಾ. ಅದೇ ರಸ್ತೆ, ಅದೇ ಹೊತ್ತು, ಮತ್ತೆ ಮಂಜಿನ ಕಾಲ. ಅವಳು ಹೊರಡುವುದರೊಳಗೆ ಕಾರಿಗೆ ಒಳ್ಳೆಯ ದೀಪ ಹಾಕಿಸಬೇಕು ಎಂಬುದೊಂದೇ ಅವನ ಹಠ. ಅದಕ್ಕೇ ಜಡಿಗೇನಹಳ್ಳಿಯಿಂದ ಸೊಸೆಯ ಜೊತೆ ಹೊಸಕೋಟೆಗೆ ಬಂದಿದ್ದ.

ಶಶಿರೇಖಾ ಮೊದಲಿನಿಂದಲೂ ಹಳದಿ ಬೆಳಕಿನ ಬಲ್ಬುಗಳ ಕಿಟ್ಟನ್ನೇ ಕೇಳುತ್ತಿದ್ದಳು. ಯಾಕೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಮುದುಕ ಒಪ್ಪಲಿಲ್ಲ. “ಲಾಂದ್ರ ಕಟ್ಕೊಂಡು ಏರ್‌ಪೋರ್ಟಿಗೆ ಹೋಗ್ತೀಯೇನವ್ವ?” ಎಂದು ನಕ್ಕ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದರಿಂದ ಅವಳೂ ನಗಬೇಕಾಯಿತು.

ಅಂಗಡಿಯ ರಾಮಾಂಜಿನಪ್ಪ ಎರಡನ್ನೂ ಬ್ಯಾಟರಿಗೆ ಕೊಟ್ಟು ಗೋಡೆಯ ಮೇಲೆ ಬಿಟ್ಟು ತೋರಿಸಿದ. ತಂದಿದ್ದ ಬಲ್ಬಿನ ಬೆಳಕಿಗೆ ಗೋಡೆ ಆಗಷ್ಟೇ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಹಳದಿಯದು ಅದರ ಪಕ್ಕದಲ್ಲಿ ಬಡವಾಗಿ ಕಂಡಿತು. ನೋಡಿದೆಯಾ ಎನ್ನುವಂತೆ ಚಿಕ್ಕಬೀರಪ್ಪ ಸೊಸೆಯ ಕಡೆ ತಿರುಗಿದ.

“ಗೋಡೆ ಮೇಲೆ ಎಲ್ಲಾ ಚೆನ್ನಾಗೇ ಕಾಣ್ತವೆ ಯಜಮಾನ್ರೇ” ಎಂದ ರಾಮಾಂಜಿನಪ್ಪ. ಹೆಡ್‌ಲೈಟ್ ಕಿಟ್ ಕೊಳ್ಳುವವರು ಮಾಡುವ ತಪ್ಪೇ ಇದು ಎಂದು ವಿವರಿಸಿದ. ಒಳ್ಳೆಯ ಕಿಟ್ಟಿನಲ್ಲಿ ಬೆಳಕು ಒಂದು ಗೆರೆಯ ಕೆಳಗೇ ನಿಂತು ರಸ್ತೆಯ ಮೇಲೆ ಬೀಳುತ್ತದೆ. ಈ ಬಿಳಿ ಬಲ್ಬಿನ ತರಹದ್ದು ಮೇಲಕ್ಕೆಲ್ಲ ಚೆಲ್ಲಾಡುತ್ತದೆ. ಮಂಜಿದ್ದರಂತೂ ಕಾರಿನ ಮುಂದೆ ಬಿಳಿ ಪಂಚೆ ಅಡ್ಡ ಕಟ್ಟಿದಂತೆ. ಹತ್ತು ಅಡಿ ಮುಂದೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಶಶಿರೇಖಾ ನಡುವೆ ಎರಡು ಸಲ ಬೇರೆ ಡಬ್ಬಿ ತೋರಿಸುವಂತೆ ಕೇಳಿದಳು. ಅವನು ಮಾತು ಮುಗಿಸದೆ ಬಿಡಲಿಲ್ಲ. ಕಡೆಗೆ, “ಇದನ್ನ ಹಾಕ್ಸಿದ್ದು ಯಾರು?” ಎಂದ.

“ನಮ್ಮನೆಯವ್ರೇ ಹಾಕಿಸ್ಕೊಂಡಿದ್ರು” ಎಂದಳು ಶಶಿರೇಖಾ, ಮಾವ ಬಾಯಿ ತೆರೆಯುವ ಮೊದಲೇ.

ಚಿಕ್ಕಬೀರಪ್ಪ ಸೊಸೆಯ ಮುಖ ನೋಡಿದ. ಹಾಕಿಸಿದವನು ತಾನು. ಬೆಂಗಳೂರಿನ ಅಂಗಡಿಯೊಂದರಲ್ಲಿ ಹೀಗೆಯೇ ಗೋಡೆಯ ಮೇಲೆ ಬಿಡಿಸಿ ನೋಡಿ, ಎಲ್ಲಕ್ಕಿಂತ ಬೆಳ್ಳಗಿದ್ದುದನ್ನು ಆರಿಸಿ ತಂದು ಮಗನಿಗೆ ಕೊಟ್ಟವನು ತಾನು. ಅದು ಅವಳಿಗೂ ಗೊತ್ತು. ಮನೆಗೆ ಬಂದ ಎಂಟು ವರ್ಷದಲ್ಲಿ ಅವಳು ತನ್ನೆದುರಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

“ಅವನಿಗೆ ಗೊತ್ತಿತ್ತೇನವ್ವ, ಈ ದೀಪದ ವಿಷಯ?”

ಅವಳು ಹಳದಿ ಕಿಟ್ಟಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹೇಳವ್ವ.”

“ಗೊತ್ತಿತ್ತು ಮಾವ.”

ಆಮೇಲೆ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಮಂಜು ಬಿದ್ದ ದಿನ ಅವರು ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ನಡುವಿನ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಿದ್ದರು. ಬೇರೆ ಹಾಕಿಸಿ ಎಂದು ತಾನು ಎರಡು ಮೂರು ಸಲ ಹೇಳಿದ್ದುಂಟು. “ಅಪ್ಪ ಬೀರೇದೇವರ ಮುಂದೆ ಇಟ್ಟು ಪೂಜೆ ಮಾಡಿಸ್ಕೊಂಡು ತಂದ್ಕೊಟ್ಟಿದ್ದು, ಅದನ್ನ ಹೆಂಗೆ ಬಿಚ್ಚಿ ಎಸೀಲಿ ಅನ್ನೋರು. ನಿಮ್ಗೆ ನೋವಾಗುತ್ತೆ ಅಂತ...” ಎಂದು ನಿಲ್ಲಿಸಿದಳು.

ಅವನ ಆಯಸ್ಸು ಅಷ್ಟೇ ಇತ್ತು ಎಂದು ಊರಿನವರೆಲ್ಲ ಹೇಳಿದ್ದರು. ಹನ್ನೊಂದು ತಿಂಗಳಿಂದ ಚಿಕ್ಕಬೀರಪ್ಪ ಅದನ್ನು ದೇವರೇ ಆಡಿದ ಮಾತೆಂದು ಹಿಡಿದುಕೊಂಡು ದಿನ ತಳ್ಳಿದ್ದ. ಈಗಲೂ ಆ ಮಾತು ನೆನಪಿಗೆ ಬಂತು. ಆಸರೆಗೆ ಬರಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕುಳಿತ. ವಿಷಯ ಅರ್ಥವಾದ ರಾಮಾಂಜಿನಪ್ಪ ನೀರು ತಂದು ಕೊಟ್ಟ. ಕುಡಿದು ಲೋಟ ಕೆಳಗಿಟ್ಟು, ಸೊಸೆ ಯಾವುದನ್ನು ಹೇಳುತ್ತಾಳೋ ಅದನ್ನು ಹಾಕು ಎಂದ.

ಶಶಿರೇಖಾ ಹಳದಿ ಬೆಳಕಿನ ಜೊತೆಯನ್ನು ಆರಿಸಿದಳು. ರಾಮಾಂಜಿನಪ್ಪ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿದ. ಈ ಕಡೆಯವರ ಪದ್ಧತಿ ಅವನಿಗೆ ಗೊತ್ತಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದೆ ಚಾಚಿ, ಎದುರಿಗೇ ಆಂಜನೇಯನ ಗುಡಿ ಇದೆ, ಬಾಗಿಲು ತೆರೆದಿದೆ, ದೇವರಿಗೆ ತೋರಿಸಿಕೊಂಡು ಬಂದರೆ ಆಮೇಲೆ ಕೂರಿಸುತ್ತೇನೆ ಎಂದ.

ಚಿಕ್ಕಬೀರಪ್ಪನ ಕೈಗಳು ಅಭ್ಯಾಸಬಲದಿಂದ ಮುಂದೆ ಬಂದು, ಡಬ್ಬಿಯನ್ನು ಮುಟ್ಟದೆ ಹಿಂದಕ್ಕೆ ಹೋದವು.

“ಬೇಡಪ್ಪ, ಹಂಗೇ ಕೂರ್ಸು. ರಸ್ತೆ ಸರಿ ಕಾಣ್ದಿದ್ರೆ ಕಿತ್ತೆಸೆಯೋಕೆ ಇವ್ಳು ಹಿಂದೆಮುಂದೆ ನೋಡ್ಬಾರ್ದು.”